ಪೌಚೈಟಿಸ್: ಹೊಲಿದು ಕೊಟ್ಟ ಚೀಲ ಕೆರಳುವುದೇಕೆ?

ಅಪೆಂಡಿಸೈಟಿಸ್, ಟಾನ್ಸಿಲೈಟಿಸ್, ಆರ್ಥ್ರೈಟಿಸ್ ಎಲ್ಲ ಕೇಳಿದ್ದೀರಿ, ಅಲ್ವಾ? ಹೆಸರಿನ ಬಾಲದಲ್ಲಿ 'ಐಟಿಸ್' ಇದ್ದರೆ ಅಲ್ಲಿ ಉರಿಯೂತ ಇದೆ ಎಂದರ್ಥ. ಪೌಚೈಟಿಸ್ ಅಂದರೆ ಪೌಚಿನ, ಅಂದರೆ ಸಣ್ಣ ಕರುಳಿನಿಂದ ಮಾಡಿದ ಚೀಲದ ಉರಿಯೂತ. ಅಪೆಂಡಿಕ್ಸ್, ಟಾನ್ಸಿಲ್ ನಮ್ಮ ಜೊತೆ ಹುಟ್ಟಿ ಬರುತ್ತವೆ. ಪೌಚನ್ನು ಮಾತ್ರ ಸರ್ಜನ್ ಹೊಲಿದು ಕೊಡಬೇಕು. ಹಾಗಾಗಿ ಆ ಆಪರೇಷನ್ ಬರುವ ಮುಂಚೆ ಈ ಕಾಯಿಲೆಯೇ ಇರಲಿಲ್ಲ.

ಚೀಲ ಹೊಲಿಯುವುದು ಯಾಕೆ? ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತಭೇದಿ ಶುರುವಾಗುತ್ತದೆ. ಔಷಧಿಗೆ ಬಗ್ಗದಿದ್ದರೆ, ಇಲ್ಲವೇ ಕ್ಯಾನ್ಸರ್ ಸುಳಿವು ಕಂಡರೆ, ದೊಡ್ಡ ಕರುಳು ಮತ್ತು ಗುದನಾಳವನ್ನು ತೆಗೆಯುತ್ತಾರೆ. ಹಿಂದೆ ಅಂಥವರಿಗೆ ಜೀವನಪೂರ್ತಿ ಹೊಟ್ಟೆಯ ಮೇಲೆ ಮಲ ಸೇರುವ ಒಂದು ಬ್ಯಾಗ್ ಗತಿಯಾಗಿತ್ತು. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ ಹೊಸ ದಾರಿ ತೋರಿಸಿದರು. ಸಣ್ಣ ಕರುಳಿನ ತುದಿಯನ್ನು ಮಡಚಿ ಹೊಲಿದು ಚೀಲ ಮಾಡಿ, ಅದನ್ನು ಗುದದ್ವಾರಕ್ಕೇ ಜೋಡಿಸಿದರು. ಮುಂದೆ ಜಪಾನಿನ ಉತ್ಸುನೊಮಿಯಾ ಹೊಲಿಗೆಯನ್ನು ಸರಳ ಮಾಡಿದರು. ಅವರ ಚೀಲ ಇಂಗ್ಲಿಷಿನ 'ಜೆ' ಅಕ್ಷರದಂತೆ ಕಾಣುವುದರಿಂದ ಅದಕ್ಕೆ ಜೆ-ಪೌಚ್ ಎಂಬ ಹೆಸರು ಬಂತು. ಇವತ್ತಿಗೂ ಜಾಸ್ತಿ ಮಾಡುವುದು ಅದನ್ನೇ.

ಪೌಚ್ ಇರುವವರು ದಿನಕ್ಕೆ ನಾಲ್ಕರಿಂದ ಎಂಟು ಸಲ ಟಾಯ್ಲೆಟ್‌ಗೆ ಹೋಗುವುದು ಮಾಮೂಲು. ಆ ಲೆಕ್ಕ ಇದ್ದಕ್ಕಿದ್ದಂತೆ ಏರಿ, ತಡೆಯಲಾಗದ ಅವಸರ, ಕೆಳಹೊಟ್ಟೆ ಹಿಂಡಿದಂಥ ನೋವು, ರಾತ್ರಿ ಬಟ್ಟೆಯಲ್ಲೇ ಆಗಿಬಿಡುವುದು, ಕೆಲವೊಮ್ಮೆ ಜ್ವರ ಶುರುವಾದರೆ ವೈದ್ಯರಿಗೆ ಮೊದಲು ಪೌಚೈಟಿಸ್ ಅನುಮಾನ ಬರುತ್ತದೆ. ಇದೇನೂ ಅಪರೂಪವಲ್ಲ. ಕೊಲೈಟಿಸ್‌ಗಾಗಿ ಪೌಚ್ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಬರುತ್ತದೆ.

ಇನ್ನು ಕಾರಣ. ಇಲ್ಲಿ ಪತ್ತೇದಾರಿ ಕತೆಯಂತೆ ಮೂರು ಸುಳಿವುಗಳಿವೆ.

ಆಪರೇಷನ್ ಆದ ಮೇಲೆ ಹೊಲಿಗೆ ಒಣಗಲಿ ಎಂದು ಕೆಲವು ವಾರ ಮಲವನ್ನು ಹೊಟ್ಟೆಯ ಬ್ಯಾಗಿಗೆ ತಿರುಗಿಸಿರುತ್ತಾರೆ. ಆಗ ಚೀಲ ಖಾಲಿ. ಆ ದಿನಗಳಲ್ಲಿ ಪೌಚೈಟಿಸ್ ಬರುವುದಿಲ್ಲ. ಚೀಲದೊಳಗೆ ಮಲ ಹರಿಯತೊಡಗಿದ ಮೇಲೇ ಅದರ ಕಾಟ. ಎರಡನೆಯದು, ಸಿಪ್ರೊಫ್ಲಾಕ್ಸಸಿನ್ ಅಥವಾ ಮೆಟ್ರೊನಿಡಜೋಲ್ ಮಾತ್ರೆಯನ್ನು ಎರಡು ವಾರ ಕೊಟ್ಟರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಅಂದಮೇಲೆ ಬ್ಯಾಕ್ಟೀರಿಯಾದ ಕೈವಾಡ ಇದ್ದೇ ಇದೆ. ಸಣ್ಣ ಕರುಳು ಮೂಲತಃ ಸಾಗಿಸುವ ದಾರಿ. ಅದನ್ನು ಕೂಡಿಡುವ ಉಗ್ರಾಣ ಮಾಡಿದರೆ ಬ್ಯಾಕ್ಟೀರಿಯಾಗಳ ಸಂತೆ ಸೇರುವುದು ಸಹಜ. ಸ್ವಲ್ಪ ಕಾಲದಲ್ಲೇ ಅದರ ಒಳಪದರದ ಬೆರಳಿನಂಥ ಎಸಳುಗಳು ಗಿಡ್ಡವಾಗಿ, ನೋಡಲು ದೊಡ್ಡ ಕರುಳಿನಂತೆಯೇ ಆಗುತ್ತದೆ.

ಹಾಗಾದರೆ ನಿಂತ ಮಲವೇ ಅಪರಾಧಿಯೇ? ಮೂರನೆಯ ಸುಳಿವು ಅದೊಂದೇ ಅಲ್ಲ ಅನ್ನುತ್ತದೆ. ನನಗೆ ಬಹಳ ಹಿಡಿಸಿದ್ದೂ ಇದೇ. ಫ್ಯಾಮಿಲಿಯಲ್ ಅಡೆನೊಮ್ಯಾಟಸ್ ಪಾಲಿಪೋಸಿಸ್ ಎಂಬ ವಂಶವಾಹಿ ಕಾಯಿಲೆಯಲ್ಲಿ ದೊಡ್ಡ ಕರುಳಿನ ತುಂಬ ನೂರಾರು ಗಂಟು ಏಳುತ್ತವೆ. ಬಿಟ್ಟರೆ ಕ್ಯಾನ್ಸರ್ ಆಗುವುದು ಹೆಚ್ಚುಕಡಿಮೆ ಖಚಿತ. ಅವರಿಗೂ ಇದೇ ಆಪರೇಷನ್, ಇದೇ ಚೀಲ. ಅವರ ಚೀಲದಲ್ಲೂ ಮಲ ನಿಲ್ಲುತ್ತದೆ. ಆದರೂ ಅವರಿಗೆ ಪೌಚೈಟಿಸ್ ಬರುವುದು ತೀರಾ ಕಡಿಮೆ! ಅಂದರೆ ಬ್ಯಾಕ್ಟೀರಿಯಾ ಕಂಡರೆ ಸಿಡಿಮಿಡಿಗುಟ್ಟುವ ಸ್ವಭಾವ ಕೊಲೈಟಿಸ್ ಇದ್ದವರ ರೋಗನಿರೋಧಕ ವ್ಯವಸ್ಥೆಯಲ್ಲೇ ಇದೆ. ದೊಡ್ಡ ಕರುಳು ಹೋಯಿತು, ಆ ಸ್ವಭಾವ ಉಳಿಯಿತು. ಎರಡೂ ಗುಂಪಿನ ಚೀಲಗಳನ್ನು ಹೋಲಿಸಿದಾಗ ಇನ್ನೊಂದು ವಿಷಯ ಸಿಕ್ಕಿದೆ. ಪಿತ್ತರಸವನ್ನು ಬದಲಾಯಿಸಿ ಉರಿಯೂತ ತಣಿಸುವಂಥ ಆಮ್ಲ ಮಾಡಿಕೊಡುವ ಕೆಲವು ಬ್ಯಾಕ್ಟೀರಿಯಾಗಳು ಕೊಲೈಟಿಸ್‌ನವರ ಚೀಲದಲ್ಲಿ ಕಡಿಮೆ.

ಕೆಲವರಿಗೆ ಅಪಾಯ ಜಾಸ್ತಿ. ಮೊದಲು ದೊಡ್ಡ ಕರುಳಿನ ಉದ್ದಕ್ಕೂ ಹುಣ್ಣು ಇದ್ದವರು, ಪಿಎಸ್‌ಸಿ ಎಂಬ ಪಿತ್ತನಾಳದ ಕಾಯಿಲೆ ಇರುವವರು ಈ ಸಾಲಿನಲ್ಲಿ ಬರುತ್ತಾರೆ. ನಮ್ಮ ಕೈಯಲ್ಲಿರುವ ಒಂದು ಕಾರಣವೆಂದರೆ ನೋವಿನ ಮಾತ್ರೆ. ಐಬುಪ್ರೊಫೆನ್, ಡಿಕ್ಲೊಫೆನಾಕ್ ಜಾತಿಯವು ಪೌಚನ್ನು ಕೆರಳಿಸಬಲ್ಲವು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ನುಂಗುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾದೀತು. ಮೈಕೈ ನೋವು ಅಂದರೆ ಪೌಚ್ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೇಳುವುದು ಅದಕ್ಕೇ.

ಆ್ಯಂಟಿಬಯೋಟಿಕ್‌ಗೆ ಬಗ್ಗದಿದ್ದರೆ ಬೇರೆ ಕಾರಣ ಹುಡುಕಬೇಕು. ಸಿ-ಡಿಫ್ ಬ್ಯಾಕ್ಟೀರಿಯಾ ಸೇರಿರಬಹುದು, ಸಿಎಂವಿ ವೈರಸ್ ಇರಬಹುದು, ಚೀಲಕ್ಕೆ ರಕ್ತ ಸರಿಯಾಗಿ ಹರಿಯದೆ ಇರಬಹುದು. ಕೆಲವರಲ್ಲಿ ನಿಜವಾದ ಕಾಯಿಲೆ ಜೀರ್ಣನಾಳದಲ್ಲಿ ಎಲ್ಲಿ ಬೇಕಾದರೂ ಉರಿಯೂತ ತರುವ ಕ್ರೋನ್ಸ್ ಎಂದು ಆಮೇಲೆ ತಿಳಿಯುತ್ತದೆ. ಜೋಡಣೆಗಾಗಿ ಉಳಿಸಿಕೊಂಡ ಗುದನಾಳದ ಒಂದೆರಡು ಸೆಂಟಿಮೀಟರ್ ಪಟ್ಟಿಯಲ್ಲಿ ಹಳೆಯ ಕೊಲೈಟಿಸ್ ಮರಳುವುದೂ ಉಂಟು. ಆ ಪಟ್ಟಿಗೆ ಇಂಗ್ಲಿಷಿನಲ್ಲಿ 'ಕಫ್' ಎನ್ನುವುದರಿಂದ ಅದರ ಹೆಸರು ಕಫೈಟಿಸ್, ಔಷಧಿಯೂ ಬೇರೆ. ಹೊರಗಿನಿಂದ ಎಲ್ಲದರ ಲಕ್ಷಣವೂ ಹೆಚ್ಚುಕಡಿಮೆ ಒಂದೇ. ಯಾವುದು ಯಾವುದೆಂದು ತಿಳಿಯಲು ಸ್ಕೋಪ್ (ಕ್ಯಾಮೆರಾ ಇರುವ ನಳಿಕೆ) ಹಾಕಿ, ಒಳಪದರದ ಚೂರು ತೆಗೆದು ನೋಡುತ್ತಾರೆ.