ಖಾಲಿ ಮನೆ ಅಂದರೆ ಸೊನ್ನೆ ಅಲ್ಲ

ಮೀನಿನ ಲೆಕ್ಕ ನೋಡುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಪಟ್ಟಿಯಲ್ಲಿರುವ ಖಾಲಿ ಮನೆಗಳನ್ನು. ಒಂದು ದೇಶ ಆ ವರ್ಷ ಹಿಡಿದ ಶಾರ್ಕ್ ಎಷ್ಟು ಅಂತ ಬರೆದಿಲ್ಲ ಅಂದುಕೊಳ್ಳಿ. ಸಿಗಲೇ ಇಲ್ಲವೋ, ಸಿಕ್ಕಿದ್ದನ್ನು ವಾಪಸ್ ಕಡಲಿಗೆ ಎಸೆದರೋ, ಬರೆಯುವವರೇ ಇರಲಿಲ್ಲವೋ? ಪಟ್ಟಿ ಬಾಯಿ ಬಿಡುವುದಿಲ್ಲ. ಕೂಡುವಾಗ ಮಾತ್ರ ಮೂರೂ ಸೊನ್ನೆಯೇ.

ಮೀನುಗಾರಿಕೆ ವಿಜ್ಞಾನಿಗಳಾದ ಡೇನಿಯಲ್ ಪಾಲಿ ಮತ್ತು ಡರ್ಕ್ ಝೆಲ್ಲರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಮನೆಗಳಿಗೆ ಅಂದಾಜು ತುಂಬಿತು. 1996ರಲ್ಲಿ ದೇಶಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಕೊಟ್ಟ ಲೆಕ್ಕ 8.6 ಕೋಟಿ ಟನ್. ಇವರ ಲೆಕ್ಕ 13 ಕೋಟಿ ಟನ್. ನಡುವಿನದ್ದೆಲ್ಲ ಕಳ್ಳತನ ಅಲ್ಲ. ಸಣ್ಣ ಮೀನುಗಾರರು ಹಿಡಿದದ್ದೂ, ಎಸೆದ ಮೀನೂ ಅದರಲ್ಲಿವೆ. ಈ ಅಂದಾಜಿಗೆ ತಕರಾರು ತೆಗೆದವರೂ ಇದ್ದಾರೆ. ಸೊನ್ನೆ ಕೂಡ ಒಂದು ಅಂದಾಜೇ, ಅದೂ ತೀರಾ ಕೆಟ್ಟದ್ದು ಅನ್ನುವವನು ನಾನು.

ದಡದಿಂದ 200 ನಾಟಿಕಲ್ ಮೈಲಿ ಆಚೆ ಯಾವ ದೇಶದ ಕಡಲೂ ಅಲ್ಲ. ಅಲ್ಲಿ ಹಡಗಿನ ಮೇಲೆ ಹಿಡಿತ ಇರುವುದು ಅದು ಯಾರ ಬಾವುಟ ಹಾರಿಸುತ್ತದೋ ಆ ದೇಶಕ್ಕೆ. ಹಾಗಾಗಿ ಜನ ಉಪಗ್ರಹದ ಮೇಲೆ ಭಾರ ಹಾಕುತ್ತಾರೆ. ಹಡಗು ಎಲ್ಲಿದೆ ಅಂತ ರೇಡಿಯೊದಲ್ಲಿ ಸಾರುವ ಎಐಎಸ್ ಸಾಧನ ಇರುವುದು ಡಿಕ್ಕಿ ತಪ್ಪಿಸಲು; ಅದರ ಸಿಗ್ನಲ್‌ನಿಂದ ಹಡಗಿನ ಜಾಡು ಸಿಗುತ್ತದೆ. ಉದ್ದ ಗಾಳದ ಸಾಲು ಬಿಡುವ ಹಡಗು ನೇರ ಹೋಗಿ, ಆಮೇಲೆ ನಿಧಾನಕ್ಕೆ ಸಾಲು ಎಳೆದುಕೊಳ್ಳುತ್ತದೆ. ಎರಡು ಹಡಗು ನಡುಗಡಲಲ್ಲಿ ಗಂಟೆಗಟ್ಟಲೆ ಅಂಟಿಕೊಂಡಿದ್ದರೆ ಮೀನು ಕೈ ಬದಲಾಗುತ್ತಿರಬಹುದು. ಆದರೆ ಜಾಡು ಎಷ್ಟು ಹೊತ್ತು ದುಡಿದರು ಅಂತ ಹೇಳುತ್ತದೆ, ಎಷ್ಟು ಟನ್ ಸಿಕ್ಕಿತು ಅಂತ ಹೇಳುವುದಿಲ್ಲ. ಸಿಗ್ನಲ್ ನಿಂತ ಕೂಡಲೇ ಕಳ್ಳ ಅನ್ನುವ ಹಾಗೂ ಇಲ್ಲ. 2017ರಿಂದ 2019ರವರೆಗೆ ಬೇಕಂತಲೇ ಸಾಧನವನ್ನು ಆಫ್ ಮಾಡಿದಂತೆ ಕಾಣುವ 55,000ಕ್ಕೂ ಹೆಚ್ಚು ಘಟನೆಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಕಡಲ್ಗಳ್ಳರ ಭಯಕ್ಕೆ ಆಫ್ ಮಾಡುವವರಿದ್ದಾರೆ, ಒಳ್ಳೆಯ ಜಾಗ ಪಕ್ಕದವನಿಗೆ ತಿಳಿಯಬಾರದು ಅಂತ ಆಫ್ ಮಾಡುವವರೂ ಇದ್ದಾರೆ.

ನನಗೆ ಇಷ್ಟವಾದ ಸಾಕ್ಷ್ಯ ಉಪಗ್ರಹದ್ದಲ್ಲ, ಮಾರುಕಟ್ಟೆಯದ್ದು. ದಕ್ಷಿಣದ ಬ್ಲೂಫಿನ್ ಟ್ಯೂನಾ ಹೆಚ್ಚು ಬಿಕರಿಯಾಗುವುದು ಜಪಾನಿನಲ್ಲಿ. ಅಲ್ಲಿ ಮಾರಾಟವಾದದ್ದನ್ನು ಲೆಕ್ಕ ಹಾಕಿ. ಆಮದಾದದ್ದನ್ನು ಕಳೆಯಿರಿ. ಉಳಿದದ್ದು ಜಪಾನಿನ ಹಡಗುಗಳು ಬರೆದುಕೊಟ್ಟ ಲೆಕ್ಕಕ್ಕೆ ಹತ್ತಿರ ಇರಬೇಕು, ಅಲ್ವಾ? 2006ರ ಪರಿಶೀಲನೆಯಲ್ಲಿ ಹೊಂದಲಿಲ್ಲ. ಎಷ್ಟೋ ವರ್ಷಗಳಿಂದ ಬರೆದದ್ದಕ್ಕಿಂತ ಬಹಳ ಜಾಸ್ತಿ ಹಿಡಿದಿರಬಹುದು ಅನ್ನುವುದು ಕಂಡಿತು. ವರ್ಷಕ್ಕೆ ಇಷ್ಟು ಹಿಡಿಯಬಹುದು ಅಂತ ಜಪಾನಿಗೆ ಕೊಟ್ಟಿದ್ದ ಪಾಲು 6,065 ಟನ್‌ನಿಂದ 3,000ಕ್ಕೆ ಇಳಿಯಿತು. ಲೆಕ್ಕ ಸುಲಭ ಅನ್ನಿಸುತ್ತದೆ. ಆದರೆ ಹೆಪ್ಪುಗಟ್ಟಿಸಿದ ಟ್ಯೂನಾ ತಿಂಗಳುಗಟ್ಟಲೆ ಶೀತಲ ಗೋದಾಮಿನಲ್ಲಿ ಕೂರಬಹುದು. ಈ ವರ್ಷದ ಮಾರಾಟ ಯಾವ ವರ್ಷದ ಬೇಟೆ? ತಲೆನೋವು ಇರುವುದು ಅಲ್ಲೇ. ಹಾಗಿದ್ದೂ ಆ ಪರಿಶೀಲನೆಯ ವರದಿಯನ್ನು ಗುಟ್ಟಾಗಿಯೇ ಇಟ್ಟರು. ಅಂದಾಜು ತಪ್ಪೋ ಸರಿಯೋ ಹೊರಗಿನವರು ನೋಡುವುದು ಹೇಗೆ?

ಗುಟ್ಟಿಗೆ ಕೆಲವೊಮ್ಮೆ ನಿಯಮದ ಬಲವೂ ಇದೆ. ಟ್ಯೂನಾ ಬೇಟೆಯನ್ನು ನಿಯಂತ್ರಿಸುವ, ಹಲವು ದೇಶಗಳು ಸೇರಿದ ಸಂಘಟನೆಗಳು ಕಡಲನ್ನು ದೊಡ್ಡ ಚೌಕಗಳಾಗಿ ಹಂಚಿ ಲೆಕ್ಕ ಪ್ರಕಟಿಸುತ್ತವೆ. ಗಾಳದ ಸಾಲಿನ ಲೆಕ್ಕಕ್ಕೆ ಸಾಮಾನ್ಯವಾಗಿ ಅಕ್ಷಾಂಶ, ರೇಖಾಂಶ 5 ಡಿಗ್ರಿಯ ಚೌಕ. ಸಮಭಾಜಕದ ಬಳಿ ಒಂದು ಬದಿಯೇ ಸುಮಾರು 550 ಕಿಲೋಮೀಟರ್. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ ಮೂರಕ್ಕಿಂತ ಕಡಿಮೆ ಹಡಗಿದ್ದ ಚೌಕವನ್ನು ಸಾರ್ವಜನಿಕ ಪಟ್ಟಿಯಿಂದ ತೆಗೆಯುತ್ತಾರೆ, ಒಬ್ಬನ ವ್ಯಾಪಾರದ ಗುಟ್ಟು ಬಯಲಾಗಬಾರದು ಅಂತ. ಕಾರಣ ಒಪ್ಪಬಹುದು. ಆದರೆ ನಾಲ್ಕೈದು ವರ್ಷ ಹಳೆಯದಾದ ಮೇಲೂ ಅದು ಯಾರ ಗುಟ್ಟು? ಕೊಡದಿದ್ದರೂ ಪರವಾಗಿಲ್ಲ, ಇಲ್ಲಿ ಲೆಕ್ಕ ಇತ್ತು, ತೆಗೆದಿದ್ದೇವೆ ಅಂತ ಆ ಮನೆಯಲ್ಲಿ ಒಂದು ಗುರುತಾದರೂ ಹಾಕಲಿ.