ಎಲ್ಲ ಕೆಲಸವನ್ನೂ ಒಂದೇ ಸಾಫ್ಟ್‌ವೇರ್‌ಗೆ ಹಾಕಬೇಕಂತೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮದು ಸುಮಾರು 60 ಜನ ಕೆಲಸ ಮಾಡುವ ಬಿಡಿಭಾಗ ತಯಾರಿಸುವ ಕಂಪನಿ. ಖರೀದಿ, ರಜೆ ಅರ್ಜಿ, ಗ್ರಾಹಕರ ದೂರು, ಮಷಿನ್ ರಿಪೇರಿ, ಎಲ್ಲಕ್ಕೂ ಸೇರಿಸಿ ಒಂದು ಬಿಪಿಎಂ (ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಸಾಗುವುದನ್ನು ನಡೆಸುವ) ಸಾಫ್ಟ್‌ವೇರ್ ಮಾಡಿಸೋಣ ಅಂತ ಎಂಡಿ ಹೇಳಿದ್ದಾರೆ. ಪ್ಲಾನ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ? ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಎರಡನೇ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದಕ್ಕೆ ಉತ್ತರ ಹುಡುಕುವ ಹೊತ್ತು ಇನ್ನೂ ಬಂದಿಲ್ಲ.

ಮೊದಲು ನಾಲ್ಕರಲ್ಲಿ ಒಂದನ್ನು ಆರಿಸಿ. ನನ್ನನ್ನು ಕೇಳಿದರೆ ಖರೀದಿ. ಅದರಲ್ಲಿ ದುಡ್ಡಿದೆ, ಐದಾರು ಕೈ ದಾಟುತ್ತದೆ, ತಡವಾದರೆ ಮಷಿನ್ ನಿಲ್ಲುತ್ತದೆ. ಸುಲಭ ಅಂತ ರಜೆ ಅರ್ಜಿಯಿಂದ ಶುರು ಮಾಡುವವರು ತುಂಬ ಜನ. ಮಾಡಿ ಮುಗಿಸಿದರೂ ಅದರಿಂದ ಯಾರಿಗೂ ಜಾಸ್ತಿ ಉಪಯೋಗ ಕಾಣುವುದಿಲ್ಲ, ಮುಂದಿನ ಹಂತಕ್ಕೆ ದುಡ್ಡು ಕೇಳಲು ಹೋದಾಗ ಎಂಡಿಗೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಒಂದನ್ನೇ ಹಿಡಿದರೆ ಸಾಕಾ ಅನ್ನಿಸಿದರೆ ನಮ್ಮ ಭೂಮಿ ಯೋಜನೆಯನ್ನು ನೋಡಿ. ಇಡೀ ರಾಜ್ಯದ ಜಮೀನಿನ ದಾಖಲೆ ಅಂದರೆ ಸಣ್ಣ ಮಾತಲ್ಲ. ಆದರೂ ಶುರುವಿನಲ್ಲಿ ಹಿಡಿದದ್ದು ಮುಖ್ಯವಾಗಿ ಎರಡು ಕೆಲಸ: ಪಹಣಿ ಕೊಡುವುದು, ಮ್ಯುಟೇಶನ್ (ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾವಣೆ) ಮಾಡುವುದು. ನೋಂದಣಿ, ಸರ್ವೆ ಕೂಡ ಜಮೀನಿನ ವಿಷಯವೇ ಅಲ್ವಾ? ಅವುಗಳಿಗೆ ಕಾವೇರಿ, ಮೋಜಿಣಿ ಅಂತ ಬೇರೆ ವ್ಯವಸ್ಥೆಗಳೇ ಬಂದವು, ಭೂಮಿಗೆ ಜೋಡಣೆ ಆದದ್ದು ಆಮೇಲೆ. ಮ್ಯುಟೇಶನ್‌ನಲ್ಲಿ ಮೊದಲು ಬಂದ ಅರ್ಜಿಗೆ ಮೊದಲ ಸರದಿ ಅನ್ನುವ ನಿಯಮವನ್ನು ಸಾಫ್ಟ್‌ವೇರ್ ಒಳಗೇ ಇಟ್ಟರು. ಕೈಬರಹದ ಪಹಣಿಯ ಮಾನ್ಯತೆಯನ್ನೂ ತೆಗೆದರು. ಈ ಕೊನೆಯದ್ದನ್ನು ಗುರುತು ಹಾಕಿಕೊಳ್ಳಿ. ಹಳೇ ದಾರಿ ತೆರೆದೇ ಇದ್ದರೆ ಜನ ಹೊಸ ದಾರಿಗೆ ಬರುವುದಿಲ್ಲ.

ಈಗ ಒಂದು ಇಂಡೆಂಟ್, ಅಂದರೆ ಇಂಥ ಮಾಲು ಬೇಕು ಅಂತ ಬರೆಯುವ ಚೀಟಿ, ಹಿಡಿದು ಅದರ ಹಿಂದೆ ಹೋಗಿ. ಮೀಟಿಂಗ್ ಕರೆದು ಕೇಳಿದರೆ ಎಲ್ಲರೂ ಹೇಗೆ ನಡೆಯಬೇಕು ಅಂತ ಹೇಳುತ್ತಾರೆ, ಹೇಗೆ ನಡೆಯುತ್ತಿದೆ ಅಂತ ಹೇಳುವುದಿಲ್ಲ. ನಾನು ಒಮ್ಮೆ ಒಂದು ಕಾರ್ಖಾನೆಯಲ್ಲಿ ಬೇರಿಂಗ್‌ನ ಇಂಡೆಂಟ್ ಹಿಂದೆ ಹೀಗೆ ಓಡಾಡಿದೆ. ಇಂಡೆಂಟ್ ಬರೆದ ದಿನದಿಂದ ಪಿಓ (ಸಪ್ಲೈಯರ್‌ಗೆ ಕೊಡುವ ಪರ್ಚೇಸ್ ಆರ್ಡರ್) ಕೈಗೆ ಬರುವ ತನಕ 11 ದಿನ. ಎಲ್ಲರೂ ಸೇರಿ ಅದರ ಮೇಲೆ ಕೆಲಸ ಮಾಡಿದ್ದು ಒಂದು ಗಂಟೆಯೂ ಇಲ್ಲ. ಪಾರ್ಟ್ ನಂಬರ್ ಬರೆದಿರಲಿಲ್ಲ ಅಂತ 3 ದಿನ ಪರ್ಚೇಸ್ ಟ್ರೇಯಲ್ಲಿ ಬಿದ್ದಿತ್ತು. ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ ಅಂತ ಮತ್ತೆ 4 ದಿನ. ಆ ಚೀಟಿಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ "ಅರ್ಜೆಂಟ್, ಫೋನಲ್ಲಿ ಹೇಳಿದೆ" ಅಂತ ಇತ್ತು. ಅಂದರೆ ಮಾಲು ಆಗಲೇ ಬಂದಾಗಿತ್ತು, ಪಿಓ ಆಮೇಲೆ ಮಾಡಿದ್ದು!

ಇಂಥದ್ದನ್ನು ಕಂಡರೆ ಬೈಯಬೇಡಿ, ಬರೆದುಕೊಳ್ಳಿ. ಮಷಿನ್ ನಿಂತಾಗ ಯಾರೂ ಮೂರು ಕೊಟೇಶನ್‌ಗೆ ಕಾಯುವುದಿಲ್ಲ. ಆ ತುರ್ತು ದಾರಿ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ ಅದು ಫೋನಲ್ಲೇ ಮುಂದುವರಿಯುತ್ತದೆ. ಅರ್ಧ ಮಾಲು ಬಂದರೆ? ವಾಪಸ್ ಕಳಿಸಿದರೆ? ಪಿಓದಲ್ಲಿ ಒಂದು ರೇಟು, ಬಿಲ್ಲಲ್ಲಿ ಇನ್ನೊಂದು ಬಂದರೆ? ಕೆಲಸದ ಗಾತ್ರ ಬೆಳೆಯುವುದೇ ಇಲ್ಲಿ. ಸಾಫ್ಟ್‌ವೇರ್ ಮಾಡುವವರು ಕೊಡುವ ಅಂದಾಜು ತಪ್ಪುವುದೂ ಹೆಚ್ಚಾಗಿ ಇಲ್ಲೇ.

ಆಮೇಲೆ ಗಡಿ ಹಾಕಿ, ಅಂದರೆ ಕೆಲಸ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗುರುತಿಸಿ. ಬಿಪಿಎಂಎನ್ ಅಂತ ಒಂದು ಚಿತ್ರ ಬರೆಯುವ ಪದ್ಧತಿ ಇದೆ, 2011ರಲ್ಲಿ ಅದರ 2.0 ಆವೃತ್ತಿ ಬಂತು. ತೆಳು ಗೆರೆಯ ವೃತ್ತ ಅಂದರೆ ಆರಂಭ, ದಪ್ಪ ಗೆರೆಯದ್ದು ಅಂತ್ಯ, ಮೂಲೆ ದುಂಡಗಿರುವ ಚೌಕ ಅಂದರೆ ಕೆಲಸ, ವಜ್ರಾಕಾರ ಅಂದರೆ ದಾರಿ ಕವಲೊಡೆಯುವ ಜಾಗ. ನಿಮಗೆ ಸದ್ಯಕ್ಕೆ ಇಷ್ಟು ಸಾಕು. ಒಂದು ಹಾಳೆಯಲ್ಲಿ ಬರೆಯಿರಿ, ಸ್ಟೋರ್ಸ್‌ನವರಿಗೆ ತೋರಿಸಿ, ಅವರು "ಹಿಂಗಲ್ಲ ಸಾರ್" ಅನ್ನುವ ಕಡೆಯೆಲ್ಲ ತಿದ್ದಿ.

ಆ ದಪ್ಪ ವೃತ್ತ ಎಲ್ಲಿಡುತ್ತೀರಿ? ತುಂಬ ಜನ ಮಾಲು ಬಂದು ಜಿಆರ್‌ಎನ್ (ಮಾಲು ಬಂತು ಅಂತ ಬರೆಯುವ ರಸೀದಿ) ಆದ ಕೂಡಲೇ ಮುಗೀತು ಅಂತಾರೆ. ನಾನು ಒಪ್ಪುವುದಿಲ್ಲ, ಪೇಮೆಂಟ್ ಆಗುವ ತನಕ ತಗೊಂಡು ಹೋಗಿ. ಕಾರಣ ಇದೆ. ಸಣ್ಣ, ಮಧ್ಯಮ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಸಣ್ಣ ಸಪ್ಲೈಯರ್‌ಗೆ ದುಡ್ಡು ಕೊಡಲು ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಗಡುವು ಇಟ್ಟುಕೊಳ್ಳುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಲೆಕ್ಕ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ. ಈ ಗಡುವು ದಾಟಿದರೆ, ಆದಾಯ ತೆರಿಗೆ ನಿಯಮದ ಪ್ರಕಾರ, ಆ ಖರ್ಚನ್ನು ಪೇಮೆಂಟ್ ಮಾಡಿದ ವರ್ಷದ ಆದಾಯದಿಂದಷ್ಟೇ ಕಳೆಯಬಹುದು. ಹಾಗಾಗಿ ಮಾಲು ಒಪ್ಪಿಕೊಂಡ ತಾರೀಖು, ಸಪ್ಲೈಯರ್‌ಗೆ ಉದ್ಯಮ್ ನೋಂದಣಿ (ಸಣ್ಣ, ಮಧ್ಯಮ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಇದೆಯಾ ಅನ್ನುವುದು, ಈ ಎರಡೂ ನಿಮ್ಮ ಮೊದಲ ಹಂತದಲ್ಲೇ ಇರಬೇಕು. ಗಡುವಿಗೆ ಒಂದು ವಾರ ಮುಂಚೆ ಅಕೌಂಟ್ಸ್‌ಗೆ ನೆನಪಿಸುವ ಮೆಸೇಜ್ ಹೋಗುವಂತೆ ಮಾಡಿದರೆ ಅದೊಂದೇ ಸಾಕು ಎಂಡಿ ಖುಷಿಯಾಗಲು.

ಏನನ್ನು ಮಾಡುವುದಿಲ್ಲ ಅನ್ನುವುದನ್ನೂ ಪ್ಲಾನ್‌ನಲ್ಲಿ ಬರೆದು ಎಂಡಿಯವರಿಂದ ಸಹಿ ಹಾಕಿಸಿ. ಸ್ಟಾಕ್ ಲೆಕ್ಕ ಇಲ್ಲ, ಸಪ್ಲೈಯರ್‌ಗೆ ಲಾಗಿನ್ ಇಲ್ಲ, ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿ ಜೊತೆ ನೇರ ಜೋಡಣೆ ಮೊದಲ ಹಂತದಲ್ಲಿ ಇಲ್ಲ, ದಿನಕ್ಕೊಂದು ಎಕ್ಸೆಲ್ ಫೈಲ್ ಸಾಕು. ಹೀಗೆ ಬರೆದಿಡದಿದ್ದರೆ ಪ್ರತಿ ಮೀಟಿಂಗ್‌ನಲ್ಲೂ "ಇದೊಂದು ಸೇರಿಸಿಬಿಡಿ" ಅಂತ ಒಂದೊಂದೇ ಒಳಗೆ ಬರುತ್ತದೆ.

ಎಷ್ಟು ರೂಪಾಯಿ ತನಕ ಯಾರು ಒಪ್ಪಿಗೆ ಕೊಡಬಹುದು ಅನ್ನುವುದು ನೀವೇ ಬದಲಾಯಿಸಬಹುದಾದ ಒಂದು ಪಟ್ಟಿಯಾಗಿರಲಿ, ಕೋಡ್ ಒಳಗೆ ಬೇಡ. ಅವರು ರಜೆಯಲ್ಲಿದ್ದರೆ ಯಾರು ಅನ್ನುವುದೂ ಅದೇ ಪಟ್ಟಿಯಲ್ಲಿರಲಿ. ಆ ಬೇರಿಂಗ್‌ನ 4 ದಿನ ಉಳಿತಾಯ ಆಗುವುದು ಇಲ್ಲೇ.

ಸಮಯದ ಬಗ್ಗೆ: ಚೀಟಿ ಹಿಂದೆ ಓಡಾಡಲು, ಚಿತ್ರ ತಿದ್ದಲು 3 ವಾರ ಇಟ್ಟುಕೊಳ್ಳಿ, ಕಮ್ಮಿ ಮಾಡಬೇಡಿ. ಇದಾದ ಮೇಲೆ ಸಾಫ್ಟ್‌ವೇರ್ ನೋಡಿ. ಜೋಹೊ ಕ್ರಿಯೇಟರ್ ಥರದ್ದರಲ್ಲಿ ಕೋಡ್ ಜಾಸ್ತಿ ಬರೆಯದೇ ಮಾಡಬಹುದು, ಫ್ಲೋಏಬಲ್, ಕಾಮುಂಡಾದಂಥವಕ್ಕೆ ಡೆವಲಪರ್ ಬೇಕು. ಒಳಗೆ ಅಂಥವರು ಇಲ್ಲದಿದ್ದರೆ ಮೊದಲನೇ ಥರದ್ದೇ ಸರಿ. ಡೆಮೊಗೆ ಬಂದವರ ಮುಂದೆ ನಿಮ್ಮ ಚಿತ್ರ ಇಟ್ಟು, ಅರ್ಧ ಮಾಲು ಬಂದದ್ದನ್ನು ಮಾಡಿ ತೋರಿಸಿ ಅನ್ನಿ.

ಇನ್ನೊಂದು ವಿಷಯ, ಇದನ್ನು ಸುಮಾರು ಜನ ಮರೆಯುತ್ತಾರೆ. ಶುರು ಮಾಡುವ ದಿನ ಅರ್ಧಕ್ಕೆ ನಿಂತ ಪಿಓಗಳು ಇದ್ದೇ ಇರುತ್ತವೆ. ಅವನ್ನೆಲ್ಲ ಹೊಸದಕ್ಕೆ ಹಾಕುತ್ತಾ ಕೂರಬೇಡಿ, ಕಾಗದದಲ್ಲೇ ಮುಗಿಯಲಿ. ಹೊಸ ಇಂಡೆಂಟ್ ಮಾತ್ರ ಹೊಸದರಲ್ಲಿ. ಆ ಬೆಳಿಗ್ಗೆಯೇ ಸ್ಟೋರ್ಸ್‌ನಲ್ಲಿ ಉಳಿದ ಖಾಲಿ ಇಂಡೆಂಟ್ ಪುಸ್ತಕಗಳನ್ನೆಲ್ಲ ವಾಪಸ್ ತಗೊಂಡು ಬನ್ನಿ.