ಅಜ್ಜನ ನಾಲಿಗೆ, ಊರಿನ ಕಿವಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಶಾಲೆ ಸೇರುವ ಮೊದಲೇ ಮೂರು ಭಾಷೆ ಆಡುವ ಮಕ್ಕಳು ಬೇಕಾದಷ್ಟಿದ್ದಾರೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ, ಅಂಗಡಿಯಲ್ಲಿ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ. ಇಂಥ ಮಗು ಸ್ವಲ್ಪ ಚೆನ್ನಾಗಿ ಮಾತಾಡಿದರೆ ಸಾಕು, "ಅಜ್ಜನ ರಕ್ತ" ಅನ್ನುತ್ತಾರೆ. ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರಾದರಂತೂ ಚರ್ಚೆಯೇ ಇಲ್ಲ.

ರಕ್ತದಲ್ಲಿ ನಿಜವಾಗಿ ಬಂದದ್ದು ಏನು? 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಮಕ್ಕಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. ದೊಡ್ಡವರಿಗೆ ಎರಡೂ ಒಂದೇ ತರ ಕೇಳುತ್ತದೆ. ಆದರೆ 6ರಿಂದ 8 ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ವ್ಯತ್ಯಾಸ ಗುರುತಿಸಿದರು! 10ರಿಂದ 12 ತಿಂಗಳಾಗುವಾಗ ಆ ಶಕ್ತಿ ಬಹುಪಾಲು ಹೋಗಿತ್ತು. ಅದೇ ವಯಸ್ಸಿನ, ಮನೆಯಲ್ಲಿ ಹಿಂದಿ ಕೇಳುವ ಮಕ್ಕಳಲ್ಲಿ ಉಳಿದಿತ್ತು. ಹುಟ್ಟುವಾಗ ಕಿವಿ ಯಾವ ಊರಿನದ್ದೂ ಅಲ್ಲ. ಒಂದು ವರ್ಷದೊಳಗೆ ಅದು ತನ್ನ ಊರಿನದ್ದಾಗುತ್ತದೆ.

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ. ಮಲಯಾಳದ 'ೞ' ಧಾರವಾಡದಿಂದಲೋ ತುಮಕೂರಿನಿಂದಲೋ ಬಂದವರ ಬಾಯಲ್ಲಿ 'ಳ' ಆಗಿಬಿಡುತ್ತದೆ. ಸಣ್ಣದರಿಂದ ಆ ಶಬ್ದ ಕೇಳಿದ ಕನ್ನಡ ಮನೆಯ ಮಗುವಿಗೆ ಅದು ಸಲೀಸು. ತಮಾಷೆ ಅಂದರೆ, ಹಳಗನ್ನಡದಲ್ಲೂ 'ೞ' ಇತ್ತು. ಧಾರವಾಡದವರ ಎಷ್ಟೋ ತಲೆಮಾರು ಹಿಂದಿನ ಅಜ್ಜಂದಿರು ಅದನ್ನು ಆಡುತ್ತಿದ್ದರು. ನಾಲಿಗೆ ಹಾಗೆಯೇ ಇದೆ. ಕಿವಿಗೆ ಬೀಳುವುದು ನಿಂತಿತು, ಶಬ್ದವೂ ಹೋಯಿತು.

ಹಾಗಂತ ಎಲ್ಲ ಊರಿನ ಕೈಯಲ್ಲೇ ಇದೆ ಅನ್ನುವಂತಿಲ್ಲ. ಲಂಡನ್ನಿನ ಒಂದು ಕುಟುಂಬದ ಮೂರು ತಲೆಮಾರಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಾತು ಸರಿಯಾಗಿ ಹೊರಳುತ್ತಿರಲಿಲ್ಲ. ಅದಕ್ಕೆ ಫಾಕ್ಸ್‌ಪಿ2 ಎಂಬ ಒಂದೇ ಜೀನಿನ ದೋಷ ಕಾರಣ ಅಂತ 2001ರಲ್ಲಿ ಗೊತ್ತಾಯಿತು.

ಹಾಗಾದರೆ ಲೆಕ್ಕ ಹೇಳಿ, ಹುಟ್ಟಿನದ್ದು ಎಷ್ಟು, ಬೆಳೆಸಿದ್ದು ಎಷ್ಟು? ಒಂದು ಲೆಕ್ಕ ಇದೆ. ಐವತ್ತು ವರ್ಷಗಳಲ್ಲಿ ನಡೆದ ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2015ರಲ್ಲಿ ಸರಾಸರಿ ತೆಗೆದರು: ಎಲ್ಲ ಬಗೆಯ ಗುಣಗಳಿಗೂ ಸೇರಿ ಆನುವಂಶಿಕತೆ ಶೇ. 49. ಇದನ್ನು ಓದಿ "ನನ್ನ ಸಿಟ್ಟಿನಲ್ಲಿ ಅರ್ಧ ಅಪ್ಪನದ್ದು" ಅಂತ ತಿಳಿದರೆ ತಪ್ಪು. ಆ ಸಂಖ್ಯೆ ಒಬ್ಬ ಮನುಷ್ಯನ ಬಗ್ಗೆ ಅಲ್ಲವೇ ಅಲ್ಲ. ಒಂದು ಗುಂಪಿನಲ್ಲಿ ಜನ ಒಬ್ಬರಿಗಿಂತ ಒಬ್ಬರು ಬೇರೆ ಇರುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಜೀನಿನ ಪಾಲು ಎಷ್ಟು ಅಂತ ಅದು ಹೇಳುತ್ತದೆ.

ತೆಂಗು ಬೆಳೆಯುವವರಿಗೆ ಇದು ಬೇಗ ಅರ್ಥ ಆದೀತು. ಎತ್ತರದ ತಳಿ ಮತ್ತು ಗಿಡ್ಡ ತಳಿ ಸೇರಿಸಿ ಸಂಕರ ತೆಂಗು ಮಾಡಿದ್ದು ನಮ್ಮ ನೀಲೇಶ್ವರದಲ್ಲಿ, 1930ರ ದಶಕದಲ್ಲಿ. ಪಂಪ್ ಇರುವ, ಗೊಬ್ಬರ ಕಾಣುವ ತೋಟದಲ್ಲಿ ಸಂಕರ ಸಸಿ ಊರಿನ ತೆಂಗನ್ನು ಹಿಂದೆ ಹಾಕುತ್ತದೆ. ನೀರಿಲ್ಲದ ಗುಡ್ಡದಲ್ಲಿ ಅದೇ ಸಸಿ ಸೊರಗುತ್ತದೆ. ಊರಿನದ್ದು ಹೇಗೋ ತಾಳಿಕೊಳ್ಳುತ್ತದೆ. ಯಾವುದು ಒಳ್ಳೆಯ ತಳಿ? ನೀರು ಎಷ್ಟಿದೆ ಅಂತ ಕೇಳದೆ ಉತ್ತರ ಹೇಳಲು ಆಗುವುದಿಲ್ಲ. ಇನ್ನೂ ಒಂದು ವಿಷಯ: ಎಲ್ಲ ಗಿಡಕ್ಕೂ ಒಂದೇ ಸಮ ನೀರು ಕೊಟ್ಟರೆ, ಇಳುವರಿಯಲ್ಲಿ ಉಳಿಯುವ ವ್ಯತ್ಯಾಸ ಹೆಚ್ಚಾಗಿ ತಳಿಯದ್ದೇ. ಕೆಲವಕ್ಕೆ ಮಾತ್ರ ಕೊಟ್ಟರೆ ತಳಿಯ ಗುಣ ಮುಚ್ಚಿಹೋಗುತ್ತದೆ.

ಮನುಷ್ಯರಲ್ಲಿ ಹೀಗೆ ಆಗುತ್ತದೆಯೇ? 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಜೊತೆಗಾರರು ಅಮೆರಿಕದ ಏಳು ವರ್ಷದ ಅವಳಿ ಮಕ್ಕಳ ಬುದ್ಧಿಮಟ್ಟದ ಅಂಕ ನೋಡಿದರು. ಉಳ್ಳವರ ಮಕ್ಕಳಲ್ಲಿ ಅಂಕದ ವ್ಯತ್ಯಾಸ ಬಹುಪಾಲು ಜೀನಿನಿಂದ ಬಂದಂತೆ ಕಂಡಿತು. ಕಡುಬಡವರ ಮಕ್ಕಳಲ್ಲಿ ಜೀನಿನ ಪಾಲು ಸೊನ್ನೆಗೆ ಹತ್ತಿರ. ಅಲ್ಲಿ ವ್ಯತ್ಯಾಸದ ಹೆಚ್ಚಿನ ಪಾಲು ಮನೆಯ ಸ್ಥಿತಿಯಿಂದ ಬಂದಂತೆ ಕಂಡಿತು. ಆಮೇಲೆ ಪಶ್ಚಿಮ ಯುರೋಪಿನ ಮಕ್ಕಳಲ್ಲಿ ಹುಡುಕಿದಾಗ ಇಂಥ ಅಂತರ ಸಿಗಲಿಲ್ಲ. ಅಲ್ಲಿ ಶಾಲೆ, ಆಸ್ಪತ್ರೆ ಬಡವರಿಗೂ ಹೆಚ್ಚುಕಮ್ಮಿ ಒಂದೇ ತರ ಸಿಗುವುದು ಕಾರಣ ಇರಬಹುದು ಅಂತ ಸಂಶೋಧಕರ ಅಂದಾಜು.